ಗುಡಗೇರಿಯ ಶೆಡ್ಡಿನಲ್ಲಿ ಡ್ರ್ಯಾಗ್ ಕಾರು: ಬಿಡಿಭಾಗ ಮಾಡುವ ಮುಂಚೆ ಒಂದು ಲೆಕ್ಕ

ಡ್ರ್ಯಾಗ್ ರೇಸ್ ಅಂದ್ರೆ ಏನು ಅಂತ ನಮ್ಮ ಕಡೆ ವಿವರಿಸೋದು ಸುಲಭ. ಜಾತ್ರೆಯಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡಿದವರಿಗೆ ಅರ್ಧ ಗೊತ್ತೇ ಇದೆ. ನೇರ ದಾರಿ, ತಿರುವಿಲ್ಲ, ನಿಂತಲ್ಲಿಂದ ಹೊರಡಬೇಕು, ಗಡಿಯಾರವೇ ಎದುರಾಳಿ. ಎತ್ತುಗಳ ಜಾಗದಲ್ಲಿ ಎಂಜಿನ್ ಇಟ್ಟು, ದೂರ ಕಾಲು ಮೈಲಿ, ಅಂದ್ರೆ 402 ಮೀಟರ್ ಅಂತ ಗೊತ್ತು ಮಾಡಿದರೆ ಅದೇ ಡ್ರ್ಯಾಗ್ ರೇಸ್.

ಈ ಲೇಖನ ರೇಸಿನದ್ದಲ್ಲ. ಅಂಗಡಿಯಲ್ಲಿ ಸಿಗದ ಭಾಗಗಳನ್ನು ನಾವೇ ಮಾಡಿಕೊಳ್ಳುವುದು ಹೇಗೆ, ಅದರಲ್ಲಿ ನಾವು ಎಲ್ಲಿ ತಪ್ಪಿದೆವು ಅನ್ನೋದರದ್ದು. ನಾವು ನಾಲ್ಕು ಜನ ಮೆಕ್ಯಾನಿಕಲ್ ವಿದ್ಯಾರ್ಥಿಗಳು. ಕೆಲಸ ನಡೆದದ್ದು ಗುಡಗೇರಿಯಲ್ಲಿ. ಹುಬ್ಬಳ್ಳಿಯಿಂದ ಬೆಂಗಳೂರು ಕಡೆ ಹೋಗುವ ರೈಲಿನಲ್ಲಿ ಕುಂದಗೋಳ, ಸಂಶಿ ದಾಟಿದರೆ ಬರುವ ಊರು. ನಮ್ಮ ಗೆಳೆಯನ ಕಾಕಾ ಅಲ್ಲಿ ಕುಂಟಿ, ಕೂರಗಿ, ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡಿಂಗ್ ಶೆಡ್ ಇಟ್ಟಿದ್ದಾರೆ. ಬಿತ್ತನೆ ಹಂಗಾಮು ಮುಗಿದ ಮೇಲೆ ಶೆಡ್ಡಿನ ಒಂದು ಮೂಲೆ ನಮಗೆ ಬಿಟ್ಟುಕೊಟ್ಟರು.

ಪದ್ಮಿನಿಯೇ ಯಾಕೆ?

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಹುಡುಗರು ಹಳೇ ಕಾರುಗಳನ್ನು ಬಿಚ್ಚಿ, ಹಗುರ ಮಾಡಿ, ವಿಮಾನ ಇಳಿಯುವ ಪಟ್ಟಿಗಳ ಮೇಲೆ ಓಡಿಸಲು ಶುರು ಮಾಡಿದರು. 1950ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಟ್ಟು ಡ್ರ್ಯಾಗ್ ರೇಸ್ ನಡೆಯಿತು. ಮರುವರ್ಷವೇ ಎನ್‌ಎಚ್‌ಆರ್‌ಎ ಅನ್ನೋ ಸಂಸ್ಥೆ ಹುಟ್ಟಿ ನಿಯಮ ಬರೆಯಿತು. ಆ ಕಾಲದ ರೇಸಿನವರಿಗೆ ಇಟಲಿಯ ಪುಟ್ಟ ಫಿಯೆಟ್ ಟೋಪೊಲಿನೊ ಕಾರಿನ ಬಾಡಿ ಅಂದ್ರೆ ಬಲು ಇಷ್ಟ. ಚಿಕ್ಕದು, ಹಗುರ.

ನಮ್ಮ ಪ್ರೀಮಿಯರ್ ಪದ್ಮಿನಿಯೂ ಫಿಯೆಟ್ ಮನೆತನದ್ದೇ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಕಾರಿಗೆ 1970ರ ದಶಕದಲ್ಲಿ ಬಂದ ಹೆಸರು ಅದು. 1089 ಸಿಸಿ ಎಂಜಿನ್. ಶಕ್ತಿ ಕಡಿಮೆ, ಆದರೆ ಡ್ರ್ಯಾಗ್ ಕಾರಿಗೆ ಬೇಕಾದ ಒಂದು ಗುಣ ಇದೆ: ಎಂಜಿನ್ ಮುಂದೆ, ಎಳೆತ ಹಿಂದಿನ ಗಾಲಿಗೆ, ಹಿಂದೆ ಗಟ್ಟಿ ಆಕ್ಸಲ್, ಅದರ ಕೆಳಗೆ ಲೀಫ್ ಸ್ಪ್ರಿಂಗ್. ಗುಜರಿಗೆ ಹೊರಟಿದ್ದ ಒಂದನ್ನು ಕೊಂಡೆವು.

ಒಂದು ಮಾತು ಮೊದಲೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಾದ ವಾಹನವನ್ನು ತಯಾರಕರ ವಿವರಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ. 189ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡುವುದು ಅಪರಾಧ. ಅದಕ್ಕೇ ಈ ಕಾರು ಒಮ್ಮೆಯೂ ರಸ್ತೆಗೆ ಇಳಿದಿಲ್ಲ. ಎಲ್ಲಿಗೆ ಹೋದರೂ ಟ್ರೇಲರಿನ ಮೇಲೇ ಹೋಗಿದೆ.

ಟ್ರ್ಯಾಕ್ಟರ್ ಮೂತಿ ಎತ್ತೋದು ಯಾಕೆ?

ಕೆಸರಿನಲ್ಲಿ ಸಿಕ್ಕ ಟ್ರೇಲರನ್ನು ಎಳೆಯುವಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುವುದನ್ನು ನಾವೆಲ್ಲ ನೋಡಿದ್ದೇವೆ. ಆಕ್ಸಲ್ ಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ, ಗಾಲಿ ಆಕ್ಸಲ್ಲಿನ ಕವಚವನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ.

ಪದ್ಮಿನಿಯಲ್ಲಿ ಆ ಕವಚವನ್ನು ಹಿಡಿದಿರೋದು ಲೀಫ್ ಸ್ಪ್ರಿಂಗ್ ಮಾತ್ರ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಕವಚ ತಿರುಚಿಕೊಂಡು ಸ್ಪ್ರಿಂಗು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗುತ್ತದೆ. ಮರುಕ್ಷಣ ವಾಪಸ್ ಚಿಮ್ಮುತ್ತದೆ. ಗಾಲಿ ಕುಣಿಯುತ್ತದೆ, ಹಿಡಿತ ತಪ್ಪುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಪೆಟ್ಟು ಬೀಳುತ್ತದೆ. ಇದನ್ನು ತಡೆಯೋಕೆ ಹಳೇ ಕಾಲದ ಡ್ರ್ಯಾಗ್ ಕಾರುಗಳಲ್ಲಿ ಇರುತ್ತಿದ್ದದ್ದು ಟ್ರ್ಯಾಕ್ಷನ್ ಬಾರ್. ಕವಚಕ್ಕೆ ಬೆಸೆದ ಉದ್ದ ತೋಳು ಅದು. ಮುಂದಿನ ತುದಿ ಕಾರಿನ ತಳಕ್ಕೆ ಸೇರುತ್ತದೆ. ಕವಚ ತಿರುಗಲು ಹೋದರೆ ತೋಳಿನ ತುದಿ ಕಾರಿನ ತಳವನ್ನು ಮೇಲಕ್ಕೆ ಒತ್ತುತ್ತದೆ.

ಎಷ್ಟು ಬಲದಿಂದ? ನಮ್ಮ ಲೆಕ್ಕ ಹೀಗಿತ್ತು. ಎಂಜಿನ್ ಟಾರ್ಕ್ 70 ನ್ಯೂಟನ್ ಮೀಟರ್ ಅಂತ ಹಿಡಿಯೋಣ. ಮೊದಲ ಗೇರಿನ ಅನುಪಾತ 4, ಹಿಂದಿನ ಆಕ್ಸಲ್ಲಿನದ್ದು 4. 70 × 4 × 4 = 1120. ಕ್ಲಚ್ ಬಿಟ್ಟಾಗ ಫ್ಲೈವೀಲಿನ ಓಟವೂ ಸೇರಿ ಹೊಡೆತ ಬೀಳುತ್ತದೆ. ಅಷ್ಟರೊಳಗೆ ಟೈರು ಜಾರಬಹುದು, ಆದರೂ ಸುರಕ್ಷತೆಗೆ ಎರಡು ಪಟ್ಟು, ಅಂದ್ರೆ 2240 ಇಟ್ಟೆವು. ತೋಳು 80 ಸೆಂ.ಮೀ. ಇದ್ದರೆ ತುದಿಯ ಬಲ 2240 ÷ 0.8 = 2800 ನ್ಯೂಟನ್, ಸುಮಾರು 285 ಕಿಲೋ ಭಾರ. ತೋಳನ್ನು 40 ಸೆಂ.ಮೀ.ಗೆ ಇಳಿಸಿದರೆ ಅದು 570 ಕಿಲೋ ಆಗುತ್ತದೆ. ಜಾಗ ಇದ್ದಷ್ಟೂ ತೋಳು ಉದ್ದ ಇರಲಿ ಅನ್ನೋದು ಅದಕ್ಕೇ. ಎರಡೂ ಬದಿಗೆ ಒಂದೊಂದು ತೋಳು ಇದ್ದರೂ, ಪ್ರತಿಯೊಂದೂ ಒಂಟಿಯಾಗಿ ಪೂರ್ತಿ ಬಲ ತಡೆಯಬೇಕು ಅಂತಲೇ ಲೆಕ್ಕ ಹಾಕಿದೆವು.

ರಟ್ಟು ಮೊದಲು, ಕಬ್ಬಿಣ ಆಮೇಲೆ

ನಾವು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿಕೊಂಡು ಹೋಗಿದ್ದೆವು. ಕಾಕಾ ಅದನ್ನು ನೋಡಿ ಮೂಲೆಯಲ್ಲಿದ್ದ ಫ್ಯಾನಿನ ಡಬ್ಬಿ ಹರಿದುಕೊಟ್ಟರು. "ರಟ್ಟಿನಾಗ ಕತ್ತರಿಸಿ ಕಾರಿನ ಬುಡಕ ಹಿಡಿದು ನೋಡ್ರಿ. ರಟ್ಟು ಪುಗಸಟ್ಟೆ ಬರತೈತಿ, ಪ್ಲೇಟಿಗೆ ರೊಕ್ಕ ಬೀಳತೈತಿ."

ರಟ್ಟು ಹಿಡಿದಾಗ ಗೊತ್ತಾಯಿತು, ನಮ್ಮ ಬ್ರ್ಯಾಕೆಟ್ ಸೈಲೆನ್ಸರ್ ಪೈಪಿಗೆ ತಾಗುತ್ತಿತ್ತು. ಇನ್ನೊಂದು ವಿಷಯವೂ ತಿಳಿಯಿತು. ಸ್ಪ್ರಿಂಗು ಕುಗ್ಗಿ ಹಿಗ್ಗುವಾಗ ತೋಳಿನ ತುದಿ ಸ್ವಲ್ಪ ಹಿಂದೆ ಮುಂದೆ ಸರಿಯುತ್ತದೆ. ಅದನ್ನು ಬೋಲ್ಟಿನಿಂದ ನೇರ ಬಿಗಿದರೆ ಕಾರು ಕುಳಿತು ಏಳಲಾರದೆ ಸೆಟೆದುಕೊಳ್ಳುತ್ತದೆ. ಆದ್ದರಿಂದ ನಡುವೆ ಒಂದು ತೂಗುವ ಕೊಂಡಿ, ಅಂದ್ರೆ ಶ್ಯಾಕಲ್ ಬೇಕು. ಅದು ಮೇಲೆ ಕೆಳಗಿನ ಬಲ ಹೊರುತ್ತದೆ, ಹಿಂದೆ ಮುಂದಿನ ಚಲನೆಗೆ ಬಿಟ್ಟುಕೊಡುತ್ತದೆ.

ಕಬ್ಬಿಣದ ಆಯ್ಕೆಯಲ್ಲೂ ಒಂದು ಪಾಠ. ಶೆಡ್ಡಿನಲ್ಲಿ ಲಾರಿಯ ಹಳೇ ಲೀಫ್ ಸ್ಪ್ರಿಂಗಿನ ಪಟ್ಟಿ ಬಿದ್ದಿತ್ತು. "ಇಷ್ಟು ಗಟ್ಟಿ ಇದೆಯಲ್ಲ, ಇದರಲ್ಲೇ ಬ್ರ್ಯಾಕೆಟ್ ಮಾಡೋಣ" ಅಂದ ನಮ್ಮಲ್ಲೊಬ್ಬ. ಮಾಡಬಾರದು. ಸ್ಪ್ರಿಂಗಿನ ಉಕ್ಕಿನಲ್ಲಿ ಇಂಗಾಲ ಹೆಚ್ಚು, ಶೇ 0.5ಕ್ಕೂ ಮೇಲೆ. ವೆಲ್ಡ್ ಮಾಡಿದ ಪಕ್ಕದ ಜಾಗ ಬೇಗ ತಣ್ಣಗಾಗಿ ಗಾಜಿನಂತೆ ಪೆಡಸಾಗುತ್ತದೆ. ಸಾಮಾನ್ಯ ಎಂಎಸ್ ಪ್ಲೇಟಿನಲ್ಲಿ ಇಂಗಾಲ ಶೇ 0.2ರ ಆಸುಪಾಸು. ಅದು ಬಾಗುತ್ತದೆ, ಆದರೆ ಹೇಳದೆ ಕೇಳದೆ ಒಡೆಯುವುದಿಲ್ಲ. ನೀರಿನ ಜಿಐ ಪೈಪೂ ಬೇಡ. ಅದರ ಸತುವಿನ ಲೇಪ ಸುಟ್ಟು ಬರುವ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಕೊನೆಗೆ 8 ಮಿ.ಮೀ. ಎಂಎಸ್ ಪ್ಲೇಟಿನ ಬ್ರ್ಯಾಕೆಟ್, 12 ಮಿ.ಮೀ. ಬೋಲ್ಟ್. ಬೋಲ್ಟಿನ ತಲೆ ಮೇಲೆ 8.8 ಅಂತ ಇತ್ತು. ಮೊದಲ 8 ಅಂದ್ರೆ ಎಳೆತದ ಬಲ 800 ಮೆಗಾಪ್ಯಾಸ್ಕಲ್, ಚುಕ್ಕಿಯ ನಂತರದ್ದು ಅದರ ಶೇ 80ರಲ್ಲಿ ಅದು ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ ಅಂತ. ಎಳೆಯ ಜಾಗದಲ್ಲಿ ಅದರ ವಿಸ್ತೀರ್ಣ 84 ಚದರ ಮಿ.ಮೀ. ಕತ್ತರಿಸುವ ಬಲಕ್ಕೆ ಶೇ 60 ಹಿಡಿದರೆ 40,000 ನ್ಯೂಟನ್ ತಡೆಯುತ್ತದೆ. ನಮಗೆ ಬೇಕಾದದ್ದು 2800. ಹದಿನಾಲ್ಕು ಪಟ್ಟು! ನಾವು ಖುಷಿಯಾಗಿ ಕಾರಿನ ತಳಕ್ಕೆ ಬ್ರ್ಯಾಕೆಟ್ ಬೆಸೆದೆವು.

'ಟಕ್' ಅಂದದ್ದು ಏನು?

ಊರ ಹೊರಗೆ ಪರಿಚಯದವರ ಗೋದಾಮಿನ ಕಾಂಕ್ರೀಟ್ ಅಂಗಳ. ಸುತ್ತ ಗೋಡೆ, ಜನ ಇಲ್ಲ. ಐವತ್ತು ಮೀಟರ್ ಓಡಿಸಿ ನಿಲ್ಲಿಸುವಷ್ಟು ಜಾಗ. ಮೊದಲ ಎರಡು ಸಲ ಕಾರು ಚೆನ್ನಾಗಿ ಹೊರಟಿತು, ಗಾಲಿ ಕುಣಿಯಲಿಲ್ಲ. ಮೂರನೇ ಸಲ ಕ್ಲಚ್ ಬಿಟ್ಟಾಗ ಕೆಳಗಿನಿಂದ 'ಟಕ್' ಅಂತ ಸದ್ದು.

ಬಗ್ಗಿ ನೋಡಿದೆವು. ಬ್ರ್ಯಾಕೆಟ್ ನೆಟ್ಟಗಿತ್ತು, ಬೋಲ್ಟ್ ಬಿಗಿಯಾಗಿತ್ತು. ಇನ್ನೊಂದು ಸಲ ಓಡಿಸೋಣ ಅಂತ ಮೂವರು ಹೇಳಿದೆವು. ಒಬ್ಬಳು ಮಾತ್ರ ಬೇಡ ಅಂದಳು. ಅವಳ ಮಾತು ಕೇಳಿ ಕಾರನ್ನು ಶೆಡ್ಡಿಗೆ ತಂದದ್ದು ನಮ್ಮ ಪುಣ್ಯ.

ಕಾಕಾ ವೆಲ್ಡಿನ ಸುತ್ತ ಬಣ್ಣ ಉಜ್ಜಿ ತೆಗೆದು, ಸೀಮೆಎಣ್ಣೆ ಸವರಿದರು. ಹತ್ತು ನಿಮಿಷ ಬಿಟ್ಟು ಒಣ ಅರಿವೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಹೊರಬಂದಿತ್ತು. ಲ್ಯಾಬಿನಲ್ಲಿ ನಾವು ಕೆಂಪು ಬಣ್ಣ, ಬಿಳಿ ಡೆವಲಪರ್ ಹಾಕಿ ಮಾಡುವ ಡೈ ಪೆನಿಟ್ರಂಟ್ ಪರೀಕ್ಷೆಯ ಅಜ್ಜ ಇದು. ಹಿಂದೆ ರೈಲ್ವೆ ಕಾರ್ಖಾನೆಗಳಲ್ಲಿ ಎಣ್ಣೆ ಮತ್ತು ಸುಣ್ಣ ಬಳಸಿ ಹೀಗೆಯೇ ಬಿರುಕು ಹುಡುಕುತ್ತಿದ್ದರು.

ಗೆರೆ ಇದ್ದದ್ದು ಬ್ರ್ಯಾಕೆಟ್ಟಿನಲ್ಲಲ್ಲ, ವೆಲ್ಡಿನಲ್ಲೂ ಅಲ್ಲ. ವೆಲ್ಡ್ ಮುಗಿಯುವ ಅಂಚಿನಲ್ಲಿ, ಕಾರಿನ ತೆಳು ತಗಡಿನಲ್ಲಿ. ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯ ತಗಡೇ ಅದರ ಎಲುಬು. ತೋಳು ಮೇಲಕ್ಕೆ ಒತ್ತಿದಾಗಲೆಲ್ಲ ಎಣ್ಣೆ ಡಬ್ಬಿಯ ತಳ ಒತ್ತಿದ ಹಾಗೆ ಆ ತಗಡು ಉಬ್ಬಿ ಇಳಿಯುತ್ತಿತ್ತು. 'ಟಕ್' ಅಂದದ್ದು ಅದೇ.

ನಾವು ಲೆಕ್ಕದ ಹಾಳೆ ತೋರಿಸಿದೆವು. ಕಾಕಾ ಹೇಳಿದರು: "ಲೆಕ್ಕಾ ಬರೋಬ್ಬರಿ ಐತ್ರಪಾ. ಆದ್ರ ಬೋಲ್ಟಿಗೆ ಬಂದು ನಿಂತೈತಿ. ಬೋಲ್ಟು ಯಾವುದ್ರಾಗ ನಿಂತೈತಿ? ಮಳಿ ಬಿದ್ದಾಗ ಎರಿ ಹೊಲದಾಗ ಎತ್ತು ಕಟ್ಟಿ ನೋಡ್ರಿ. ಗೂಟ ಮುರಿಯಂಗಿಲ್ಲ, ಬುಡಸಮೇತ ಕಿತ್ತು ಬರತೈತಿ."

ಪರೀಕ್ಷೆಯಲ್ಲಿ ನಮಗೆ ಒಂದು ಭಾಗ ಕೊಟ್ಟು, ಅದರ ಮೇಲೆ ಬಲದ ಬಾಣ ಕೊಟ್ಟು, ತಡೆಯುತ್ತದೋ ಇಲ್ಲವೋ ಕೇಳುತ್ತಾರೆ. ಬಾಣ ಮುಂದೆ ಎಲ್ಲಿಗೆ ಹೋಯಿತು ಅಂತ ನಾವು ಯಾರೂ ಕೇಳಿಕೊಂಡಿರಲಿಲ್ಲ.

ನೆಲ ಗಟ್ಟಿ ಮಾಡಿದ್ದು

ಹಳೇ ಬ್ರ್ಯಾಕೆಟ್ ಕತ್ತರಿಸಿ ತೆಗೆದೆವು. ಕಾರಿನ ಎರಡೂ ಬದಿ ಬಾಗಿಲ ಕೆಳಗೆ ಉದ್ದಕ್ಕೆ ಸಾಗುವ ಪೆಟ್ಟಿಗೆಯಂಥ ಭಾಗ ಇದೆ, ಸಿಲ್ ಅಂತಾರೆ. ತಳದಲ್ಲಿ ಅದೇ ಬಲವಾದ ಜಾಗ. ಈ ಸಿಲ್ಲಿನಿಂದ ಆ ಸಿಲ್ಲಿಗೆ 40 × 40 × 3 ಮಿ.ಮೀ. ಚೌಕ ಪೈಪಿನ ಅಡ್ಡತೊಲೆ ಕೂಡಿಸಿದೆವು. ಅದರ ತುದಿಗಳನ್ನು ಸಿಲ್ಲಿಗೆ ನೇರ ಬೆಸೆಯದೆ, ನಡುವೆ ಅಂಗೈಗಿಂತ ದೊಡ್ಡದಾದ 3 ಮಿ.ಮೀ. ಪ್ಲೇಟು ಕೊಟ್ಟೆವು. ಬಲ ಒಂದೇ ಗೆರೆಯ ಮೇಲೆ ಬೀಳದೆ ಅಗಲಕ್ಕೆ ಹರಡಲಿ ಅಂತ. ಪ್ಲೇಟಿನ ಮೂಲೆಗಳನ್ನು ದುಂಡಗೆ ಮಾಡಿದೆವು, ಯಾಕಂದ್ರೆ ಬಿರುಕು ಚೂಪು ಮೂಲೆಯನ್ನೇ ಹುಡುಕಿಕೊಂಡು ಬರುತ್ತದೆ. ಹೊಸ ಬ್ರ್ಯಾಕೆಟ್ ಈ ತೊಲೆಗೆ ಸೇರಿತು.

ವೆಲ್ಡಿಂಗ್ ಮುಂಚೆ ಪೆಟ್ರೋಲ್ ಟ್ಯಾಂಕ್ ಪೂರ್ತಿ ಹೊರಗೆ, ಬ್ಯಾಟರಿ ವೈರು ಬಿಚ್ಚಿ ಪಕ್ಕಕ್ಕೆ. ದಪ್ಪ ಪ್ಲೇಟಿಗೆ ತೆಳು ತಗಡು ಬೆಸೆಯುವಾಗ ಬೆಂಕಿ ದಪ್ಪದ ಕಡೆ ಹಿಡಿಯಬೇಕು, ಇಲ್ಲದಿದ್ದರೆ ತಗಡು ತೂತಾಗುತ್ತದೆ. ಒಂದೇ ಕಡೆ ಉದ್ದಕ್ಕೆ ಬೆಸೆಯದೆ, ಆಚೆ ಈಚೆ ಒಂದೊಂದು ಇಂಚು ಬೆಸೆದೆವು. ಹಾಗೆ ಮಾಡಿದರೆ ತೊಲೆ ಸೊಟ್ಟಗಾಗೋದು ಕಡಿಮೆ.

ಎರಡು ಕಿಲೋದ ಬಳೆ

ಇನ್ನೊಂದು ಭಾಗದ ಬಗ್ಗೆ ನಮ್ಮಲ್ಲೇ ಜಗಳ ಆಗಿತ್ತು. ಪ್ರೊಪೆಲ್ಲರ್ ಶಾಫ್ಟಿನ ಸುತ್ತ ಹಾಕುವ ಉಕ್ಕಿನ ಬಳೆ. ಎನ್‌ಎಚ್‌ಆರ್‌ಎ ನಿಯಮದಲ್ಲಿ ಅದು 2 ಇಂಚು ಅಗಲ, ಕಾಲು ಇಂಚು ದಪ್ಪದ ಪಟ್ಟಿ, ಮುಂದಿನ ಜಾಯಿಂಟಿನಿಂದ 6 ಇಂಚಿನೊಳಗೆ ಇರಬೇಕು. ಕಾರನ್ನು ಹಗುರ ಮಾಡಲು ಗ್ರಾಂ ಲೆಕ್ಕದಲ್ಲಿ ಒದ್ದಾಡುವಾಗ ಎರಡು ಕಿಲೋ ಯಾಕೆ ಅಂತ ಇಬ್ಬರ ವಾದ.

ಟಾಪ್ ಗೇರಿನಲ್ಲಿ ಎಂಜಿನ್ 5000 ಸುತ್ತು ತಿರುಗಿದರೆ ಶಾಫ್ಟೂ ಅಷ್ಟೇ ತಿರುಗುತ್ತದೆ, ಸೆಕೆಂಡಿಗೆ 83 ಸುತ್ತು. ಮುಂದಿನ ಜಾಯಿಂಟ್ ಮುರಿದರೆ ಶಾಫ್ಟಿನ ತುದಿ ನೆಲಕ್ಕೆ ಬೀಳುತ್ತದೆ. ಓಡುವ ಕಾರು ಅದರ ಮೇಲೆ ಕೋಲು ಜಿಗಿತದವನ ಹಾಗೆ ಮೇಲೇಳಬಹುದು. ಇಲ್ಲವೇ ಶಾಫ್ಟು ತಗಡು ಸೀಳಿ ಡ್ರೈವರಿನ ಕಾಲಿಗೆ ಬರಬಹುದು. 1970ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಟ್ರ್ಯಾಕಿನಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ರೇಸರನ ಕಾರಿನ ಟ್ರಾನ್ಸ್‌ಮಿಷನ್ ಸಿಡಿದು ಅವರ ಬಲಗಾಲಿನ ಪಾದದ ಒಂದು ಭಾಗವೇ ಹೋಯಿತು. ಆಮೇಲೆ ಅವರು ಎಂಜಿನ್ನನ್ನು ತಮ್ಮ ಬೆನ್ನ ಹಿಂದಕ್ಕೆ ಇಟ್ಟು ಹೊಸ ಕಾರು ಕಟ್ಟಿದರು, 1971ರಲ್ಲಿ ಅದರಲ್ಲೇ ಗೆದ್ದರು.

ಬಿರುಕು ಕಂಡ ದಿನವೇ ನಮ್ಮ ಜಗಳ ಮುಗಿಯಿತು. 50 × 8 ಮಿ.ಮೀ. ಪಟ್ಟಿಯನ್ನು ಎರಡು ಅರ್ಧ ಬಳೆಗಳಾಗಿ ಬಗ್ಗಿಸಿ, ಶಾಫ್ಟ್ ಬಿಚ್ಚಲು ಬರುವಂತೆ ಬೋಲ್ಟಿನಿಂದ ಜೋಡಿಸಿದೆವು. ಅದನ್ನು ತೆಳು ತಗಡಿಗೆ ಹಾಕಲಿಲ್ಲ. ಅದಕ್ಕಾಗಿಯೇ ಸಿಲ್ಲಿನಿಂದ ಸಿಲ್ಲಿಗೆ ಇನ್ನೊಂದು ತೊಲೆ ಕೊಟ್ಟೆವು.

ಆಮೇಲೆ ಅದೇ ಅಂಗಳದಲ್ಲಿ ಹನ್ನೆರಡು ಸಲ ಹೊರಟಿದ್ದೇವೆ. ಪ್ರತಿ ನಾಲ್ಕು ಸಲಕ್ಕೊಮ್ಮೆ ಸೀಮೆಎಣ್ಣೆ, ಸುಣ್ಣ. ಈವರೆಗೆ ಗೆರೆ ಮೂಡಿಲ್ಲ. ಕಾಲು ಮೈಲಿ ಓಡಿಸಲು ಅನುಮತಿ ಇರುವ ಟ್ರ್ಯಾಕೇ ಬೇಕು, ಅಲ್ಲಿಯವರೆಗೆ ಕಾಯುತ್ತೇವೆ.

ನಿಮಗೊಂದು ಲೆಕ್ಕ

ಇದೇ ಕಾರಿನಲ್ಲಿ ತೋಳಿನ ಉದ್ದ 60 ಸೆಂ.ಮೀ. ಆದರೆ ತುದಿಯ ಬಲ ಎಷ್ಟು? 3700 ನ್ಯೂಟನ್ ಹತ್ತಿರ ಬರಬೇಕು. ಅದು ಸುಲಭದ ಅರ್ಧ. ಉಳಿದ ಅರ್ಧಕ್ಕೆ ಒಂದು ಹಾಳೆ ತೆಗೆದುಕೊಳ್ಳಿ. ಆ ಬಲದ ಬಾಣವನ್ನು ಶ್ಯಾಕಲ್, ಬೋಲ್ಟ್, ಬ್ರ್ಯಾಕೆಟ್, ತೊಲೆ, ಸಿಲ್ ಹೀಗೆ ಒಂದೊಂದಾಗಿ ದಾಟಿಸುತ್ತಾ, ಟೈರು ನೆಲ ಮುಟ್ಟುವ ಜಾಗದವರೆಗೆ ಎಳೆಯಿರಿ. ಎಲ್ಲಿ ಕೈ ತಡವರಿಸಿತೋ ಅಲ್ಲಿ ಒಂದು ಸುತ್ತು ಹಾಕಿ, ಹಾಳೆ ತಗೊಂಡು ಕನ್ನಡ ಸಂಘದ ಶನಿವಾರದ ಕೂಟಕ್ಕೆ ಬನ್ನಿ. ನಮ್ಮ ಹಳೇ ಬ್ರ್ಯಾಕೆಟ್ಟನ್ನು ಬಿರುಕು ಬಿಟ್ಟ ತಗಡಿನ ತುಂಡಿನ ಸಮೇತ ನಾವು ತರುತ್ತೇವೆ.