‘ಕೂ’ ಎಂದರೆ ಹಸುವೋ, ನಾಯಿಯೋ?

ಮಕ್ಕಳೇ, ಸ್ಕಾಟ್ಲೆಂಡಿನಲ್ಲಿ ಯಾರಾದರೂ ‘ಕೂ’ ಎಂದರೆ ಯಾವ ಪ್ರಾಣಿ ಎಂದು ತಿಳಿಯಬೇಕು? ಸ್ಕಾಟ್ಸ್ ಭಾಷೆಯಲ್ಲಿ ‘ಕೂ’ ಎಂದರೆ ಹಸು. ಗೇಲಿಕ್ ಭಾಷೆಯಲ್ಲಿ ‘ಕೂ’ ಎಂದರೆ ನಾಯಿ!

ಸ್ಕಾಟ್ಲೆಂಡ್ ಬ್ರಿಟನ್ ದ್ವೀಪದ ಉತ್ತರ ಭಾಗದಲ್ಲಿದೆ. ಅಲ್ಲಿ ಇಂಗ್ಲಿಷಿನ ಜೊತೆಗೆ ಈ ಎರಡು ಭಾಷೆಗಳೂ ಇವೆ. ಸ್ಕಾಟ್ಸ್ ಇಂಗ್ಲಿಷಿಗೆ ಹತ್ತಿರದ ಭಾಷೆ. ಗೇಲಿಕ್ ಐರ್ಲೆಂಡಿನ ಐರಿಷ್ ಭಾಷೆಗೆ ಹತ್ತಿರದ್ದು. ಕೆಲವು ಪದಗಳನ್ನು ನೋಡಿ.

ಹಸು: ಸ್ಕಾಟ್ಸ್ – ಕೂ, ಗೇಲಿಕ್ – ಬೋ
ನರಿ: ಸ್ಕಾಟ್ಸ್ – ಟಾಡ್, ಗೇಲಿಕ್ – ಮತಘ್ ರುವಘ್
ಕಪ್ಪೆ: ಸ್ಕಾಟ್ಸ್ – ಪಡಕ್, ಗೇಲಿಕ್ – ಲೊಸ್ಕನ್
ಮಗು: ಸ್ಕಾಟ್ಸ್ – ಬೇರ್ನ್, ಗೇಲಿಕ್ – ಲೆನವ್

ಹೆಸರಿನಲ್ಲಿ ಅಡಗಿದ ವಿಜ್ಞಾನ

ಗೇಲಿಕ್‌ನಲ್ಲಿ ನರಿಯ ಹೆಸರಿನ ಅರ್ಥ ‘ಕೆಂಪು ನಾಯಿ’. ತೋಳಕ್ಕೆ ‘ಮತಘ್ ಅಲಿ’ ಎನ್ನುತ್ತಾರೆ. ಅಂದರೆ ‘ಕಾಡು ನಾಯಿ’. ನಾಯಿ, ನರಿ, ತೋಳ ಈ ಮೂರನ್ನೂ ವಿಜ್ಞಾನಿಗಳು ‘ಕ್ಯಾನಿಡೇ’ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಹಳ್ಳಿಗರ ಕಣ್ಣು ಈ ಹೋಲಿಕೆಯನ್ನು ಮೊದಲೇ ಗುರುತಿಸಿತ್ತು!

ಆದರೆ ಹೆಸರನ್ನೇ ನಂಬಿದರೆ ಸಾಲದು. ತಿಮಿಂಗಿಲಕ್ಕೆ ಗೇಲಿಕ್‌ನಲ್ಲಿ ‘ಕಡಲ ಹಂದಿ’ ಎಂಬ ಅರ್ಥದ ಹೆಸರಿದೆ. ಅದು ಹಂದಿಯಲ್ಲ. ಮೀನೂ ಅಲ್ಲ. ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಸಸ್ತನಿ. ನಮ್ಮ ಮುಳ್ಳುಹಂದಿಯೂ ಹಂದಿಯಲ್ಲ. ಇಲಿ, ಅಳಿಲುಗಳ ಗುಂಪಿನ ದಂಶಕ. ಆದ್ದರಿಂದಲೇ ಗೊಂದಲ ತಪ್ಪಿಸಲು ವಿಜ್ಞಾನಿಗಳು ಪ್ರತಿ ಜೀವಿಗೂ ಪ್ರಪಂಚಕ್ಕೆಲ್ಲ ಒಂದೇ ಆದ ವೈಜ್ಞಾನಿಕ ಹೆಸರನ್ನು ಇಡುತ್ತಾರೆ. ಕೆಂಪು ನರಿ ಎಲ್ಲೆಡೆಯೂ ‘ವಲ್ಪೆಸ್ ವಲ್ಪೆಸ್’.

ಹೆಸರು ಉಳಿಯಬೇಕಾದರೆ

ಸ್ಕಾಟ್ಲೆಂಡಿನ ಕಾಡುಗಳಲ್ಲಿ ಈಗ ತೋಳಗಳಿಲ್ಲ. ಮನುಷ್ಯರ ಬೇಟೆಯಿಂದ ಅವು ಅಳಿದವು. ಅವುಗಳ ಹೆಸರು ಮಾತ್ರ ಉಳಿದಿದೆ. ಆ ಹೆಸರನ್ನು ಹೇಳುವ ಭಾಷೆಯೂ ಅಪಾಯದಲ್ಲಿದೆ. 1872ರ ಶಿಕ್ಷಣ ಕಾಯ್ದೆಯಲ್ಲಿ ಗೇಲಿಕ್‌ಗೆ ಜಾಗವೇ ಇರಲಿಲ್ಲ. ಮಕ್ಕಳು ಮನೆಯ ಮಾತನ್ನು ಬಿಟ್ಟು ಇಂಗ್ಲಿಷಿನಲ್ಲೇ ಕಲಿಯಬೇಕಾಯಿತು. 1985ರಲ್ಲಿ ಗ್ಲಾಸ್ಗೋ ಮತ್ತು ಇನ್ವರ್ನೆಸ್ ನಗರಗಳಲ್ಲಿ ಗೇಲಿಕ್ ಮಾಧ್ಯಮದ ಪ್ರಾಥಮಿಕ ಶಿಕ್ಷಣ ಆರಂಭವಾಯಿತು. 2022ರ ಜನಗಣತಿಯಂತೆ ಗೇಲಿಕ್ ಅನ್ನು ಸ್ವಲ್ಪವಾದರೂ ಬಲ್ಲವರು ಸುಮಾರು 1,30,000. ಇದು ನೂರಕ್ಕೆ ಮೂವರಿಗಿಂತ ಕಡಿಮೆ. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಕಾನೂನು ಮಾಡಿ ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ನೀಡಿತು.

ಒಂದು ಭಾಷೆ ಮರೆಯಾದರೆ ಪದಗಳಷ್ಟೇ ಹೋಗುವುದಿಲ್ಲ. ಅದನ್ನಾಡಿದ ಜನ ತಲೆತಲಾಂತರದಿಂದ ಪ್ರಾಣಿಗಳನ್ನು ಗಮನಿಸಿ ಕಂಡುಕೊಂಡದ್ದೂ ಹೋಗುತ್ತದೆ.

ಮಾಡಿ ನೋಡಿ: ಮನೆಯ ಹಿರಿಯರನ್ನು ಕೇಳಿ ಐದು ಹಕ್ಕಿ ಅಥವಾ ಕೀಟಗಳ ಹೆಸರು ಬರೆಯಿರಿ. ಬಣ್ಣ, ಕೂಗು, ಆಕಾರ, ವಾಸಸ್ಥಳ – ಇವುಗಳಲ್ಲಿ ಯಾವುದನ್ನು ನೋಡಿ ಆ ಹೆಸರು ಇಟ್ಟಿರಬಹುದು? ತರಗತಿಯಲ್ಲಿ ಚರ್ಚಿಸಿ.