ಆಲೂಗೆಡ್ಡೆ ಹೊಲದಲ್ಲಿ ಜಂತುಹುಳುವಿನ ಪತ್ತೆ

ಆಲೂಗೆಡ್ಡೆಯ ಬೇರನ್ನು ಬಾಧಿಸುವ ಕೋಶ ಜಂತುಹುಳು ಭಾರತದಲ್ಲಿ ಮೊದಲು ಕಂಡುಬಂದುದು 1961ರಲ್ಲಿ, ನೀಲಗಿರಿಯ ಉದಕಮಂಡಲದಲ್ಲಿ. ಹೆಣ್ಣುಹುಳು ಸತ್ತ ಮೇಲೆ ಅದರ ದೇಹವೇ ಗಟ್ಟಿಯಾದ ಕಂದು ಕೋಶವಾಗುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಈ ಕೋಶದಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಆಲೂಗೆಡ್ಡೆ ಬೆಳೆಯದಿದ್ದರೂ ಅವು ಮಣ್ಣಿನಲ್ಲಿ ಹಲವು ವರ್ಷ ಜೀವಂತವಾಗಿರಬಲ್ಲವು. ಗಿಡ ಕುಗ್ಗಿ ಹಳದಿಯಾದಾಗ ಅದನ್ನು ನೀರಿನ ಅಥವಾ ಗೊಬ್ಬರದ ಕೊರತೆಯೆಂದು ಭಾವಿಸುವುದುಂಟು. ಆದುದರಿಂದ ಮಣ್ಣಿನ ಪರೀಕ್ಷೆ ಅಗತ್ಯ.

ಕೋಶಗಳು ಹೊಲದಲ್ಲೆಲ್ಲ ಸಮನಾಗಿ ಹರಡಿರದೆ ಅಲ್ಲಲ್ಲಿ ಗುಂಪಾಗಿರುತ್ತವೆ. ಒಂದೆರಡು ಕಡೆಯ ಮಣ್ಣು ಸಾಲದು. ಕಟಾವಿನ ನಂತರ ಅಂಕುಡೊಂಕಾಗಿ ನಡೆಯುತ್ತ, ಹಲವೆಡೆ 15ರಿಂದ 20 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಸಮಪ್ರಮಾಣದಲ್ಲಿ ತೆಗೆಯಬೇಕು. ಎಲ್ಲವನ್ನೂ ಚೆನ್ನಾಗಿ ಬೆರೆಸಿ, ಸುಮಾರು ಅರ್ಧ ಕಿಲೋಗ್ರಾಂ ಮಣ್ಣನ್ನು ಚೀಲದಲ್ಲಿ ತುಂಬಿ, ಹೊಲದ ಗುರುತು ಹಾಗೂ ದಿನಾಂಕ ಬರೆದ ಚೀಟಿ ಇಡಬೇಕು. ಪ್ರಯೋಗಾಲಯದಲ್ಲಿ ಒಣಗಿಸಿದ ಮಣ್ಣನ್ನು ನೀರಿನಲ್ಲಿ ಕದಡಿದಾಗ ಕೋಶಗಳು ತೇಲುತ್ತವೆ. ಅವುಗಳನ್ನು ಸಣ್ಣ ಜರಡಿಯಲ್ಲಿ ಹಿಡಿದು ಎಣಿಸಲಾಗುತ್ತದೆ.

ಅಂಟಿದ ಮಣ್ಣಿನೊಡನೆ ಹುಳು ಬೇರೆಡೆಗೆ ಸಾಗುವುದರಿಂದ, ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸಲಿಕೆ, ಪಾದರಕ್ಷೆಗಳನ್ನು ತೊಳೆಯಬೇಕು. ಹುಳು ಪತ್ತೆಯಾದ ಹೊಲದ ಗೆಡ್ಡೆಯನ್ನು ಬಿತ್ತನೆಗೆ ಬಳಸಬಾರದು. ಅಲ್ಲಿ ಕುಫ್ರಿ ಸ್ವರ್ಣದಂತಹ ನಿರೋಧಕ ತಳಿಯನ್ನೂ ಕೋಸು, ಕ್ಯಾರೆಟ್‌ಗಳಂತಹ ಪರ್ಯಾಯ ಬೆಳೆಗಳನ್ನೂ ಸರದಿಯಲ್ಲಿ ಬೆಳೆದರೆ ಹುಳುವಿನ ಸಂಖ್ಯೆ ಕ್ರಮೇಣ ಇಳಿಯುತ್ತದೆ.