ಮೀನು ಮತ್ತು ಚಿಪ್ಪುಮೀನುಗಳ ಶರೀರರಚನೆ: ದಂಪತಿಗಳು ತಿಳಿದಿರಬೇಕಾದ ವಿಷಯಗಳು

ನಾನು ಕರಾವಳಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಆರು ತಿಂಗಳ ಗರ್ಭಿಣಿಯೊಬ್ಬರನ್ನು ಪತಿಯು ಪರೀಕ್ಷೆಗೆ ಕರೆತಂದಿದ್ದರು. ಆಕೆಯ ಕಣ್ಣಿನ ಒಳರೆಪ್ಪೆ, ಉಗುರುಗಳು ಬಿಳಿಚಿಕೊಂಡಿದ್ದವು, ರಕ್ತಹೀನತೆ ಸ್ಪಷ್ಟವಾಗಿತ್ತು. ಪತಿ ದೋಣಿಯಲ್ಲಿ ದುಡಿಯುವವರು. ಮನೆಗೆ ದಿನವೂ ಮೀನು ಬರುತ್ತಿತ್ತು. “ಈಕೆ ಮೀನು ತಿನ್ನುತ್ತಾರೆಯೆ?” ಎಂದು ಕೇಳಿದೆ. “ಹೋಳು ಕೊಡುವುದಿಲ್ಲ ಡಾಕ್ಟ್ರೇ, ಹುಟ್ಟುವ ಮಗುವಿಗೆ ಕಜ್ಜಿ ಆಗುತ್ತದೆ ಎಂದು ಅಮ್ಮ ಹೇಳಿದ್ದಾರೆ. ಸಾರು ಮಾತ್ರ ಬಡಿಸುತ್ತೇವೆ” ಎಂದರು ಅವರು. ಪುಷ್ಟಿಯು ಮನೆಯ ಬಾಗಿಲಿಗೆ ಬಂದೂ ಅದು ಅತ್ಯಗತ್ಯವಾಗಿ ಬೇಕಾದವರ ಎಲೆಗೆ ತಲುಪುತ್ತಿರಲಿಲ್ಲ.

ಮೀನಿನ ದೇಹದಲ್ಲಿ ಪೋಷಕಾಂಶಗಳು ಎಲ್ಲಿವೆ, ಕೇಡು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಪತಿ-ಪತ್ನಿಯರಿಬ್ಬರೂ ಅರಿತರೆ ಇಂತಹ ತಪ್ಪು ಕಲ್ಪನೆಗಳು ತಾವಾಗಿಯೇ ದೂರವಾಗುತ್ತವೆ. ಆದುದರಿಂದ ಈ ಪಾಠವನ್ನು ಅಡುಗೆಮನೆಯ ದೃಷ್ಟಿಯಿಂದಲೇ ಬರೆಯಲಾಗಿದೆ.

ಮೀನಿನ ಹೊರರಚನೆ

ಒಂದು ಬಂಗುಡೆಯನ್ನು ಕೈಯಲ್ಲಿ ಹಿಡಿದು ನೋಡಿರಿ. ಅದರ ದೇಹವು ತಲೆ, ಮುಂಡ, ಬಾಲ ಎಂದು ಮೂರು ಭಾಗಗಳಾಗಿದೆ. ಮೈಮೇಲೆ ಹುರುಪೆಗಳೂ ಅವುಗಳ ಮೇಲೆ ತೆಳುವಾದ ಲೋಳೆಯೂ ಇವೆ. ತಲೆಯ ಎರಡು ಪಾರ್ಶ್ವಗಳಲ್ಲಿ ಮುಚ್ಚಳದಂತಹ ಎಲುಬುಗಳಿದ್ದು, ಅವುಗಳನ್ನು ಎತ್ತಿದರೆ ಬಾಚಣಿಗೆಯಂತೆ ಜೋಡಿಸಿದ ಕೆಂಪು ಕಿವಿರುಗಳು ಕಾಣುತ್ತವೆ. ಮೀನು ಉಸಿರಾಡುವುದು ಇವುಗಳಿಂದಲೇ. ಬಾಯಿಂದ ಒಳಸೇರಿದ ನೀರು ಕಿವಿರುಗಳ ಮೇಲೆ ಹರಿದು ಹೊರಹೋಗುವಾಗ, ನೀರಿನಲ್ಲಿ ಕರಗಿರುವ ಆಮ್ಲಜನಕವು ರಕ್ತವನ್ನು ಸೇರುತ್ತದೆ.

ಕಿವಿರುಗಳಲ್ಲಿ ರಕ್ತವು ತುಂಬಿ ಹರಿಯುವುದರಿಂದಲೇ ತಾಜಾ ಮೀನಿನ ಕಿವಿರು ಕೆಂಪಾಗಿರುತ್ತದೆ. ಮೀನು ಹಳತಾದಂತೆ ಅದು ಕಂದು ಬಣ್ಣಕ್ಕೆ ತಿರುಗಿ ದುರ್ವಾಸನೆ ಬೀರುತ್ತದೆ. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ. ಮಾಂಸವನ್ನು ಬೆರಳಿನಿಂದ ಒತ್ತಿದರೆ ಕುಳಿ ನಿಲ್ಲುವುದಿಲ್ಲ. ಸಂತೆಯಲ್ಲಿ ಮೀನು ಕೊಳ್ಳುವಾಗ ಈ ಮೂರು ಲಕ್ಷಣಗಳನ್ನು ನೋಡಬೇಕು.

ಮೀನಿನ ಒಳರಚನೆ

ಹೊಟ್ಟೆಯನ್ನು ಸೀಳಿದಾಗ ಯಕೃತ್ತು, ಜಠರ, ಕರುಳು ಮತ್ತು ಕಾಲಾನುಸಾರ ಮೊಟ್ಟೆಯ ಗೊಂಚಲು ಕಾಣುತ್ತವೆ. ಯಕೃತ್ತಿಗೆ ಅಂಟಿಕೊಂಡಿರುವ ಹಸಿರು ಚೀಲವೇ ಪಿತ್ತಕೋಶ. ಇದು ಒಡೆದರೆ ಮಾಂಸ ಕಹಿಯಾಗುತ್ತದೆ. ಕಿವಿರುಗಳ ಹಿಂದೆ, ಗಂಟಲಿನ ಕೆಳಗೆ ಪುಟ್ಟ ಹೃದಯವಿದೆ. ಮನುಷ್ಯನ ಹೃದಯಕ್ಕೆ ನಾಲ್ಕು ಕೋಣೆಗಳಿದ್ದರೆ ಮೀನಿನ ಹೃದಯಕ್ಕೆ ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ ಮಾತ್ರ.

ಆರೋಗ್ಯವಂತ ತಾಜಾ ಮೀನಿನ ಮಾಂಸದಲ್ಲಿ ರೋಗಾಣುಗಳಿರುವುದಿಲ್ಲ. ಅವು ವಾಸಿಸುವುದು ಚರ್ಮದ ಲೋಳೆ, ಕಿವಿರು ಮತ್ತು ಕರುಳುಗಳಲ್ಲಿ. ಮೀನು ಸತ್ತ ಬಳಿಕ ಅಲ್ಲಿಂದ ಮಾಂಸಕ್ಕೆ ಹಬ್ಬುತ್ತವೆ. ಆದುದರಿಂದ ಮೀನನ್ನು ಮನೆಗೆ ತಂದ ಕೂಡಲೇ ಕಿವಿರು ಹಾಗೂ ಕರುಳನ್ನು ತೆಗೆದು, ಶುದ್ಧ ನೀರಿನಲ್ಲಿ ತೊಳೆದು, ತಡಮಾಡದೆ ಬೇಯಿಸತಕ್ಕದ್ದು.

ಬಂಗುಡೆ, ಭೂತಾಯಿ ಮುಂತಾದ ಮೀನುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಇವು ಬಿಸಿಲಿನಲ್ಲಿ ಹಲವು ಗಂಟೆ ಬಿದ್ದಿದ್ದರೆ, ಬ್ಯಾಕ್ಟೀರಿಯಾಗಳು ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತುವನ್ನು ಉತ್ಪಾದಿಸುತ್ತವೆ. ಅಂತಹ ಮೀನು ತಿಂದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರಿ, ತಲೆನೋವು, ತುರಿಕೆ, ಎದೆಬಡಿತ, ವಾಂತಿ ಕಾಣಿಸಬಹುದು. ಎಷ್ಟು ಕುದಿಸಿದರೂ, ಎಷ್ಟು ಹುಳಿ-ಖಾರ ಹಾಕಿದರೂ ಈ ವಸ್ತು ನಾಶವಾಗದು. ಹಿಡಿದ ಕ್ಷಣದಿಂದ ಮಂಜುಗಡ್ಡೆಯಲ್ಲಿಡುವುದೊಂದೇ ಉಪಾಯ.

ಹಿಡಿದೊಡನೆ ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸುವ ಮೀನು ಬಲೆಗೆ ಬಿದ್ದರೆ ಅದನ್ನು ಎಂದಿಗೂ ತಿನ್ನಬಾರದು. ಅದರ ಯಕೃತ್ತು, ಮೊಟ್ಟೆ, ಕರುಳು, ಚರ್ಮಗಳಲ್ಲಿ ಪ್ರಾಣಾಪಾಯಕಾರಿಯಾದ ವಿಷವಿರುತ್ತದೆ. ಬೇಯಿಸುವುದರಿಂದ ಅದು ಹೋಗುವುದಿಲ್ಲ.

ಸಿಗಡಿ ಮತ್ತು ಏಡಿ

ಸಿಗಡಿಗೆ ಬೆನ್ನೆಲುಬಿಲ್ಲ, ಹೊರಕವಚವೇ ಅದರ ಅಸ್ಥಿಪಂಜರ. ತಲೆ ಮತ್ತು ಎದೆ ಒಂದಾಗಿ ಮುಂಭಾಗವಾಗಿದ್ದು, ಹಿಂಭಾಗವು ಉಂಗುರಗಳಂತೆ ಮಡಿಚಿಕೊಳ್ಳುವ ಉದರವಾಗಿದೆ. ಮುಂಭಾಗದಲ್ಲಿ ನಡೆಯುವ ಐದು ಜೊತೆ ಕಾಲುಗಳೂ, ಉದರದಲ್ಲಿ ಈಜುವ ಐದು ಜೊತೆ ಕಾಲುಗಳೂ ಇವೆ. ನಾವು ತಿನ್ನುವುದು ಉದರದ ಸ್ನಾಯುವನ್ನು. ಬೆನ್ನಿನುದ್ದಕ್ಕೂ ಕಾಣುವ ಕಪ್ಪು ಗೆರೆಯನ್ನು ಅನೇಕರು ನರವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಕರುಳು. ಜೀರ್ಣಗ್ರಂಥಿಯು ತಲೆಯ ಭಾಗದಲ್ಲಿರುವುದರಿಂದ ಸಿಗಡಿಯು ತಲೆಯಿಂದಲೇ ಕೆಡಲಾರಂಭಿಸುತ್ತದೆ. ಆದ್ದರಿಂದ ತಲೆಯನ್ನೂ ಕರುಳನ್ನೂ ಬೇಗ ತೆಗೆಯಬೇಕು.

ಏಡಿಯ ಉದರವು ಕೆಳಗೆ ಮಡಿಚಿಕೊಂಡಿರುತ್ತದೆ. ಗಂಡಿನಲ್ಲಿ ಅದು ಕಿರಿದು, ಹೆಣ್ಣಿನಲ್ಲಿ ಅಗಲ. ಹೆಣ್ಣು ಮೊಟ್ಟೆಗಳನ್ನು ಅದರ ಅಡಿಯಲ್ಲಿ ಹೊತ್ತಿರುತ್ತದೆ. ಮೊಟ್ಟೆ ಹೊತ್ತ ಏಡಿಯನ್ನು ಮರಳಿ ನೀರಿಗೆ ಬಿಡುವುದು ಲೇಸು. ಬೆನ್ನಿನ ಚಿಪ್ಪನ್ನು ತೆಗೆದಾಗ ಕಾಣುವ ಬೂದುಬಣ್ಣದ ಗರಿಗಳಂತಹ ಭಾಗಗಳು ಕಿವಿರುಗಳು, ಅವುಗಳನ್ನು ಎಸೆಯಬೇಕು. ಸತ್ತು ಬಿದ್ದ ಏಡಿಯನ್ನು ಅಡುಗೆಗೆ ಬಳಸಕೂಡದು.

ಮರುವಾಯಿ ಮುಂತಾದ ಚಿಪ್ಪುಮೀನುಗಳು

ಮರುವಾಯಿಗೆ ತಲೆಯೇ ಇಲ್ಲ. ಎರಡು ಚಿಪ್ಪುಗಳ ನಡುವೆ ಮೆತ್ತನೆಯ ದೇಹ, ಉಸುಕನ್ನು ಅಗೆಯುವ ಪಾದ, ಅಗಲವಾದ ಕಿವಿರುಗಳು ಇವೆ. ಬೆನ್ನಿನ ಕೀಲು ಚಿಪ್ಪುಗಳನ್ನು ತೆರೆಯಲು ಎಳೆಯುತ್ತದೆ. ಒಳಗಿನ ಸ್ನಾಯುಗಳು ಮುಚ್ಚಿ ಹಿಡಿಯುತ್ತವೆ. ಪ್ರಾಣಿ ಸತ್ತಾಗ ಸ್ನಾಯು ಸಡಿಲವಾಗಿ ಚಿಪ್ಪು ತೆರೆದುಕೊಳ್ಳುತ್ತದೆ. ತಟ್ಟಿದರೂ ಮುಚ್ಚಿಕೊಳ್ಳದ ಚಿಪ್ಪನ್ನು ಬಿಸಾಡಬೇಕೆನ್ನುವುದು ಇದೇ ಕಾರಣಕ್ಕೆ.

ಈ ಪ್ರಾಣಿಗಳು ಕಿವಿರುಗಳ ಮೂಲಕ ನೀರನ್ನು ಸೋಸಿ ಆಹಾರ ಪಡೆಯುತ್ತವೆ. ನೀರಿನಲ್ಲಿ ಮಲದ ಕಲ್ಮಶವಿದ್ದರೆ ಕಾಮಾಲೆ, ವಿಷಮಶೀತಜ್ವರ, ಕಾಲರಾ ರೋಗಾಣುಗಳೂ ಅವುಗಳ ದೇಹದಲ್ಲಿ ಸಂಗ್ರಹವಾಗುತ್ತವೆ. ಊರಿನ ಚರಂಡಿ ಸೇರುವ ಅಳಿವೆಯಲ್ಲಿ ಮರುವಾಯಿ ಆರಿಸಬಾರದು. ಚಿಪ್ಪು ಬಾಯಿ ತೆರೆದ ಮೇಲೂ 5 ನಿಮಿಷ ಕುದಿಸಬೇಕು. ಕುದಿಸಿದರೂ ತೆರೆಯದುದನ್ನು ಎಸೆಯಬೇಕು.

ಕೆಲವೊಮ್ಮೆ ವಿಷಕಾರಿ ಸೂಕ್ಷ್ಮಪಾಚಿಗಳೂ ಹೀಗೆಯೇ ಒಳಸೇರುತ್ತವೆ. 1983ರಲ್ಲಿ ಮಂಗಳೂರಿನ ಸಮೀಪದ ಕುಂಬಳೆ ಅಳಿವೆಯ ಚಿಪ್ಪುಮೀನು ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ಬಾಲಕ ಮೃತಪಟ್ಟನು. ಈ ವಿಷವೂ ಕುದಿಸುವುದರಿಂದ ಹೋಗದು. ನೀರಿನ ಬಣ್ಣ ಅಸಹಜವಾಗಿ ಬದಲಾದಾಗ ಚಿಪ್ಪುಮೀನನ್ನು ವರ್ಜಿಸಿರಿ. ಆದರೆ ಬಣ್ಣ ಬದಲಾಗದಿದ್ದರೂ ವಿಷವಿರಬಹುದು. ತಿಂದ ಬಳಿಕ ತುಟಿ, ನಾಲಿಗೆ, ಬೆರಳ ತುದಿಗಳು ಜೋಮು ಹಿಡಿದಂತಾದರೆ ಮನೆಮದ್ದಿಗಾಗಿ ಕಾಯದೆ ಕೂಡಲೇ 108 ವಾಹನಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ಉಸಿರಾಟದ ಸ್ನಾಯುಗಳು ನಿಲ್ಲುವ ಮೊದಲೇ ಆಸ್ಪತ್ರೆ ತಲುಪಿದರೆ ಜೀವ ಉಳಿಸಬಹುದು.

ತಾಯಿ ಮತ್ತು ಮಗುವಿಗೆ

100 ಗ್ರಾಂ ಮೀನಿನ ಮಾಂಸದಲ್ಲಿ ಸುಮಾರು 18ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಇದು ಹೋಳಿನಲ್ಲಿದೆಯೇ ಹೊರತು ಸಾರಿನಲ್ಲಲ್ಲ. ಭೂತಾಯಿಯ ಕೊಬ್ಬು ಗರ್ಭದಲ್ಲಿರುವ ಶಿಶುವಿನ ಮೆದುಳಿನ ಬೆಳವಣಿಗೆಗೆ ಸಹಾಯಕ. ಮುಳ್ಳುಸಹಿತ ತಿನ್ನಬಹುದಾದ ಸಣ್ಣ ಮೀನು ಸುಣ್ಣಾಂಶವನ್ನೂ, ಮರುವಾಯಿ ಕಬ್ಬಿಣಾಂಶವನ್ನೂ ಒದಗಿಸುತ್ತವೆ. ಗರ್ಭಿಣಿ ಮೀನು ತಿಂದರೆ ಮಗುವಿಗೆ ಕಜ್ಜಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಶಾರ್ಕ್‌ನಂತಹ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಸಂಗ್ರಹವಾಗುವುದರಿಂದ ಗರ್ಭಿಣಿಯರೂ ಬಾಣಂತಿಯರೂ ಅವುಗಳನ್ನು ತಿನ್ನದಿರುವುದು ಕ್ಷೇಮ. ಮೀನು ಅಥವಾ ಸಿಗಡಿ ತಿಂದಾಗ ಮೈಯಲ್ಲಿ ದದ್ದು, ಉಬ್ಬಸ ಬರುವವರು ಅದನ್ನು ತ್ಯಜಿಸಬೇಕು. ಕಬ್ಬಿಣಾಂಶದ ಮಾತ್ರೆಯನ್ನಂತೂ ಯಾರೂ ಬಿಡಬಾರದು.

ಆರು ತಿಂಗಳು ತುಂಬಿದ ಮಗುವಿಗೆ ಮುಳ್ಳು ಪೂರ್ಣವಾಗಿ ತೆಗೆದು, ಚೆನ್ನಾಗಿ ಬೇಯಿಸಿ ನುರಿದ ಮೀನನ್ನು ಅನ್ನದೊಡನೆ ಸ್ವಲ್ಪಸ್ವಲ್ಪವಾಗಿ ಕೊಡಬಹುದು, ಎದೆಹಾಲು ಮುಂದುವರಿಯಬೇಕು. ಯಾರ ಗಂಟಲಿಗಾದರೂ ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮೇಲೆ ಹೇಳಿದ ದಂಪತಿಗಳು ಮುಂದಿನ ತಿಂಗಳು ಅತ್ತೆಯವರೊಡನೆ ಬಂದರು. ಮೀನಿನ ಚಿತ್ರವೊಂದನ್ನು ಬರೆದು ಪುಷ್ಟಿ ಎಲ್ಲಿದೆಯೆಂದು ಆ ಹಿರಿಯರಿಗೆ ತೋರಿಸಿದೆ. ಅವರು ಕೆಲಹೊತ್ತು ನೋಡಿ, “ಹಾಗಾದರೆ ಇನ್ನು ಹೋಳನ್ನು ನಾನೇ ಬಡಿಸುತ್ತೇನೆ” ಎಂದರು. ಮಾತ್ರೆಗಳನ್ನೂ ತಪ್ಪದೆ ಸೇವಿಸಿದ ಆಕೆಗೆ ದಿನ ತುಂಬಿ ಸುಸೂತ್ರವಾಗಿ ಹೆರಿಗೆಯಾಯಿತು.

ನೆನಪಿಡಿರಿ

1. ಕೆಂಪು ಕಿವಿರು, ಹೊಳೆಯುವ ಕಣ್ಣು, ಬಿಗಿಯಾದ ಮಾಂಸ ಇವು ತಾಜಾ ಮೀನಿನ ಲಕ್ಷಣಗಳು.
2. ಕಿವಿರು, ಕರುಳುಗಳನ್ನು ಕೂಡಲೇ ತೆಗೆಯಿರಿ, ಮೀನನ್ನು ಮಂಜುಗಡ್ಡೆಯಲ್ಲಿಡಿರಿ.
3. ಜೀವವಿರುವ ಚಿಪ್ಪುಮೀನನ್ನು ಮಾತ್ರ ಶುದ್ಧ ನೀರಿನ ಸ್ಥಳದಿಂದ ತಂದು ಬೇಯಿಸಿರಿ.
4. ಮನೆಯಲ್ಲಿ ಗರ್ಭಿಣಿ ಅಥವಾ ಬಾಣಂತಿ ಇದ್ದರೆ ಮೊದಲ ಹೋಳು ಅವರ ಎಲೆಗೆ ಬೀಳಲಿ.